ಗಾಜಿಪುರದ ನೀರುದಾನಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸಮಸ್ತ ನೀರುದಾನಿಗಳು,
ಮಾಳಿಗೆ, ಮೆಟ್ಟಿಲು, ಕಟ್ಟೆ ಹಾಗೂ ಕಂಪೌಂಡಿನ ಆಚೆ-ಈಚೆ,
ಗಾಜಿಪುರ, ಕಲಬುರಗಿ.

ವಿಷಯ: ನಮ್ಮ ಮಾಳಿಗೆಯ ಡಬ್ಬುಗಳ್ಳಿಯನ್ನು ಯಶಸ್ವಿಯಾಗಿ ಕೊಳೆಸಿದ್ದಕ್ಕೆ ಅಭಿನಂದನೆ ಮತ್ತು ಅದರಲ್ಲಿ ಉಳಿದ ಒಂದು ತುಂಡಿಗೆ ಜೀವದಾನ ಕೋರುವ ಕುರಿತು.
ಉಲ್ಲೇಖ: ತಮ್ಮ ಚೊಂಬು, ಬಕೆಟ್, ಹಸಿರು ಪೈಪು ಮತ್ತು ಅಂತಃಕರಣ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ಗೆದ್ದಿದ್ದೀರಿ. ನೀರಿನ ಟಾಕಿಯ ಮಗ್ಗುಲಲ್ಲಿ ನಿಂತಿದ್ದ ನಮ್ಮ ಡಬ್ಬುಗಳ್ಳಿ ಬುಡದಿಂದ ಕೊಳೆತಿದೆ. ಬೆರಳು ಒತ್ತಿದರೆ ಒಳಗೇ ಹೋಗುತ್ತದೆ. ಹಣ್ಣಾಗಿ ಒಡೆದ ಸೀತಾಫಲದಷ್ಟು ಮೆತ್ತಗಾಗಿದೆ, ವಾಸನೆ ಮಾತ್ರ ಸೀತಾಫಲದ್ದಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ನೆರಳಿನಲ್ಲಿಟ್ಟ ಥರ್ಮಾಮೀಟರೂ 42, 43 ಡಿಗ್ರಿ ಹತ್ತುತ್ತದೆ. ಮಾಳಿಗೆಗೆ ಹಾಸಿದ ಶಹಾಬಾದಿನ ಫರಸಿ ಕಲ್ಲಿನ ಮೇಲೆ ಬರಿಗಾಲು ಊರಲಾಗುವುದಿಲ್ಲ. ಆ ಕಾಲದಲ್ಲಿ ಈ ಗಿಡ ಹೊಸ ಎಲೆ ಬಿಟ್ಟಿತ್ತು. (ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ, ನಿಜವಾದ ಎಲೆಗಳು ಹುಟ್ಟಿ ಬೇಗನೇ ಉದುರಿಹೋಗುತ್ತವೆ ಎಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಓಣಿಯವರು ಎಲೆ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾನು ಓಣಿಯ ಪಕ್ಷ.) ಬಿಸಿಲಿಗೆ ಬಗ್ಗದ, ಆಡು ಮೂಸಿ ಬಿಟ್ಟುಹೋದ, ಗಾಳಿಪಟದ ಹುಡುಗರು ತುಳಿದರೂ ಅವರನ್ನೇ ಕುಂಟುವಂತೆ ಮಾಡಿದ ಈ ಗಿಡವನ್ನು ತಾವು ಬರೀ ಪ್ರೀತಿಯಿಂದ ಮಲಗಿಸಿದಿರಿ.

ಸರ್ಕಾರಿ ‘ತಾವು’ ಇಲ್ಲಿಗೆ ಸಾಕು. ಒಂದೇ ಓಣಿಯವರು, ‘ನೀವು’ ಅನ್ನೋಣ.

ನಿಮ್ಮ ಸಾಧನೆ ಎಷ್ಟು ದೊಡ್ಡದು ಎಂಬುದು ನಿಮಗೇ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಈ ಗಿಡದ ವೈರಿಗಳ ಪಟ್ಟಿಯನ್ನು ಸ್ವಲ್ಪ ಹೇಳಬೇಕು. ಪಾಪಾಸುಕಳ್ಳಿ, ಡಬ್ಬುಗಳ್ಳಿ ಎಂದು ನಾವು ಕರೆಯುವ ಈ ಕುಲ ಅಮೆರಿಕ ಖಂಡದ್ದು. ನಮ್ಮ ಹೊಲದ ಬದುವಿನ ಹಾಲುಗಳ್ಳಿಗೂ ಇದಕ್ಕೂ ನೆಂಟಸ್ತನವಿಲ್ಲ; ಮುರಿದರೆ ಬಿಳಿ ಹಾಲು ಸುರಿಸುವುದು ನಮ್ಮೂರಿನ ಕಳ್ಳಿ, ಸುರಿಸದೆ ಲೋಳೆ ತೋರಿಸುವುದು ಈ ಪರದೇಶಿ. ಅದನ್ನು ಇಲ್ಲಿ ಸಾಲುಸಾಲಾಗಿ ಬೆಳೆಸಲು ಹೊರಟವರು ಈಸ್ಟ್ ಇಂಡಿಯಾ ಕಂಪನಿಯವರು. ಕಳ್ಳಿಯ ಮೇಲೆ ಕೊಚಿನೀಲ್ ಎಂಬ ಸಣ್ಣ ಕೀಟ ಕೂರುತ್ತದೆ. ಅದನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ. ಕಂಪನಿಯ ಅಧಿಕಾರಿಗಳ ಕೆಂಪು ಕೋಟಿಗೆ ಆ ಬಣ್ಣವೇ ಬೇಕು, ಅದರ ವ್ಯಾಪಾರವೋ ಮೆಕ್ಸಿಕೋವನ್ನು ಹಿಡಿದುಕೊಂಡಿದ್ದ ಸ್ಪೇನಿನ ಮುಷ್ಟಿಯಲ್ಲಿ. ಅದಕ್ಕೆಂದು ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯದೇ ಒಂದು ತೋಟ ಮಾಡಿಸಿದ. ಗಿಡ ಸಿದ್ಧವಾಯಿತು, ಕೀಟ ಬರಬೇಕಿತ್ತು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲಿನಿಂದ ಕಲ್ಕತ್ತೆಗೆ ಕೀಟ ತಂದ. ತಂದದ್ದು ತಪ್ಪು ಜಾತಿ. ಬಣ್ಣ ಸುಮಾರು, ಹಸಿವು ಮಾತ್ರ ಭಾರೀ. ಬಣ್ಣಕ್ಕೆಂದು ಸಾಕಿದ ಗಿಡವನ್ನೇ ಅದು ತಿಂದು ಹಾಕಿತು.

ಸರ್ಕಾರಗಳಿಗೆ ಸೋಲನ್ನು ಯೋಜನೆಯಾಗಿ ಬದಲಿಸುವುದು ಆಗಲೂ ಬರುತ್ತಿತ್ತು. ಬೇಲಿಗೆಂದು ಹಾಕಿದ ಕಳ್ಳಿ ಹೊಲಗಳಿಗೆ ನುಗ್ಗಿದಾಗ 1836ರಿಂದ 38ರ ಸುಮಾರಿಗೆ ಅದೇ ಹೊಟ್ಟೆಬಾಕ ಕೀಟವನ್ನು ದಕ್ಷಿಣಕ್ಕೆ ತಂದು ಬಿಟ್ಟರು. ಮುಂದೆ ಸಿಲೋನಿಗೂ ಕಳಿಸಿದರು. ಕಳೆ ತಿನ್ನಿಸಲು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಕೀಟ ಸಾಗಿಸಿದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಆ ಕೀಟ ಮುಟ್ಟದ ಬೇರೆ ಜಾತಿಯ ಪಾಪಾಸುಕಳ್ಳಿ ಹಾಗೇ ಉಳಿದು ಹಬ್ಬಿತು. ಅದನ್ನು ಅಡಗಿಸಲು 1926ರಲ್ಲಿ ಸಿಲೋನಿನಿಂದ ಇನ್ನೊಂದು ಜಾತಿಯ ಕೀಟ ಮದರಾಸು ಸೀಮೆಗೆ ಬಂತು. ಆಸ್ಟ್ರೇಲಿಯಾದಲ್ಲಂತೂ 1925ರ ಹೊತ್ತಿಗೆ ಎರಡು ಕೋಟಿ ಹೆಕ್ಟೇರಿಗೂ ಮಿಕ್ಕಿ ನೆಲ ಕಳ್ಳಿಯ ಪಾಲಾಗಿತ್ತು. ಕಡಿದರು, ಸುಟ್ಟರು, ವಿಷ ಸುರಿದರು, ಕೊನೆಗೆ ಅರ್ಜೆಂಟೀನಾದಿಂದ ಒಂದು ಪತಂಗ ತಂದು ಅದರ ಹುಳುಗಳಿಂದ ತಿನ್ನಿಸಿದರು. ಆ ಪತಂಗಕ್ಕೆ ಕೃತಜ್ಞತೆಯಾಗಿ ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾ ಎಂಬಲ್ಲಿ ಊರವರು ಒಂದು ಸ್ಮಾರಕ ಸಭಾಭವನವನ್ನೇ ಕಟ್ಟಿದ್ದಾರೆ.

ಅಷ್ಟು ಹಡಗು, ಅಷ್ಟು ಹುಳ, ಅಷ್ಟು ವಿಷ. ನಿಮಗೆ ಒಂದು ಚೊಂಬು ಸಾಕಾಯಿತು. ನಿಮ್ಮ ಹೆಸರಿನಲ್ಲಿ ಗಾಜಿಪುರದಲ್ಲಿ ಒಂದು ಸಭಾಭವನ ಏಳುವುದಾದರೆ ನನ್ನ ವಂತಿಗೆ ಖಂಡಿತ.

ಇದು ಹೇಗಾಯಿತು ಎಂದು ಯೋಚಿಸಿದರೆ ದೋಷ ನಿಮ್ಮದೊಂದೇ ಅಲ್ಲ, ಊರಿನದು ಅನ್ನಿಸುತ್ತದೆ. ನಮ್ಮದು ದಾಸೋಹದ ಊರು. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ತಮ್ಮ ಹೊಲದ ಜೋಳಕ್ಕೆ ಬಿದ್ದ ಹಕ್ಕಿಗಳನ್ನು ಓಡಿಸದೆ, ತಿಂದು ಬಾಯಾರಿದವಕ್ಕೆ ನೀರೂ ಇಟ್ಟರೆಂಬ ಕಥೆ ಕೇಳುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತವೆ. ಊರವರು ಅಪ್ಪ ಎನ್ನುವ ಅವರ ಗುಡಿಯಲ್ಲಿ ಉಣ್ಣದೆ ಹಿಂದಿರುಗಿದವರಿಲ್ಲ, ಆ ಕಡೆ ಬಂದೇ ನವಾಜರ ದರ್ಗಾದಲ್ಲಿ ಹಸಿದು ಹೋದವರಿಲ್ಲ. ಇಂಥ ಊರಿನಲ್ಲಿ ಮನೆಗೆ ಬಂದವರು ಎಲೆಯ ಮೇಲೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ಹುಗ್ಗಿ ಬೀಳುತ್ತದೆ. ಹೊಟ್ಟೆ ತುಂಬಿತು ಎಂಬ ಮಾತನ್ನು ಬಾಯಿದ್ದವರು ಹೇಳಿದರೇ ನಾವು ನಂಬುವುದಿಲ್ಲ. ಬಾಯಿಲ್ಲದ ಕಳ್ಳಿ ಹೇಳಿದ್ದರೆ ನಂಬುತ್ತಿದ್ದೆವೇ? ‘ಪಾಪ, ಒಣಗ್ಯಾದ ನೋಡ್ರಿ, ಸ್ವಲ್ಪರ ಹಾಕ್ರಿ’ ಎಂದು ಮೆಟ್ಟಿಲೇರಿ ಬಂದ ಕಾಕೂಗೆ ಬೇಡ ಅನ್ನಲು ನನ್ನಿಂದ ಆಗಲಿಲ್ಲ, ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಕಾರಣ ನಳ. ಭೀಮೆಯಿಂದಲೂ ಬೆಣ್ಣೆತೊರೆಯಿಂದಲೂ ಊರಿಗೆ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ನೀರು ಕಡಿಮೆಯಾದ ಊರಲ್ಲಿ ಗಿಡ ನೀರು ಹೆಚ್ಚಾಗಿ ಸಾಯುವುದೆಂದರೆ ಹೊರಗಿನವರಿಗೆ ಒಗಟು. ಒಳಗಿನವರಿಗೆ ಗೊತ್ತು: ‘ನಳಾ ಬಂದದ’ ಎಂಬ ಕೂಗು ಕೇಳಿದೊಡನೆ ಡ್ರಮ್ಮು, ಹಂಡೆ, ಕೊಡ ಎಲ್ಲ ಖಾಲಿಯಾಗಬೇಕು, ಹೊಸ ನೀರಿಗೆ ಜಾಗ ಬೇಕು. ಹಳೇ ನೀರನ್ನು ಗಟಾರಕ್ಕೆ ಚೆಲ್ಲಲು ನೀರಿಗಾಗಿ ಕಾದವರ ಕೈ ಒಪ್ಪುವುದಿಲ್ಲ. ‘ಚೆಲ್ಲಬ್ಯಾಡ, ಗಿಡಕ್ಕ ಹಾಕು.’ ಪ್ರತಿಸಲ ನಳ ಬರುವಾಗಲೂ ನಮ್ಮ ಮಾಳಿಗೆಯ ಕಳ್ಳಿ ಇಡೀ ಕಟ್ಟಡದ ಹಳೇ ನೀರು ಕುಡಿದಿದೆ. ಬರದಿಂದಲೇ ಬಂದ ನೆರೆ ಇದು. ಇಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರಿನಲ್ಲಿ. ಆ ತಿಂಗಳಲ್ಲಾದರೂ ಚೊಂಬು ಕೆಳಗಿಡುತ್ತೀರಿ ಅಂದುಕೊಂಡಿದ್ದೆ. ಛತ್ರಿ ಹಿಡಿದುಕೊಂಡು ಬಂದು ನೀರು ಹಾಕಿ ಹೋದವರನ್ನು ಕಣ್ಣಾರೆ ನೋಡಿದ್ದೇನೆ. ಆ ನಿಷ್ಠೆಗೆ ನಮಸ್ಕಾರ.

ಮಣ್ಣಿನ ದಾನಿಗಳನ್ನೂ ಮರೆಯುವಂತಿಲ್ಲ. ಕುಂಡದ ಮಣ್ಣು ಸೊರಗಿದೆ ಎಂದು ಮರುಗಿ ಒಬ್ಬರು ತಮ್ಮ ಹೊಲದ ಯರಿಮಣ್ಣನ್ನು ಚೀಲದಲ್ಲಿ ಹೊತ್ತು ತಂದರು. ಯರಿಮಣ್ಣಿನ ಬಗ್ಗೆ ಕಲಬುರಗಿಯಲ್ಲಿ ಕೂತು ಕೆಟ್ಟ ಮಾತಾಡುವ ಧೈರ್ಯ ನನಗಿಲ್ಲ. ನೀರು ಕುಡಿದರೆ ಉಬ್ಬುವ, ಒಣಗಿದರೆ ಅಂಗೈ ತೂರುವಷ್ಟು ಬಿರಿಯುವ ಆ ಜೇಡಿಯೇ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಆಳಕ್ಕಿಳಿಯುವ ತೊಗರಿಯ ಬೇರು ಆ ತೇವವನ್ನೇ ಹೀರಿಕೊಂಡು ಚಳಿಗಾಲ ದಾಟುತ್ತದೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದ್ದರಲ್ಲಿ ಈ ಮಣ್ಣಿಗೂ ಪಾಲಿದೆ. ಆದರೆ ಕಳ್ಳಿ ತೊಗರಿಯಲ್ಲ. ಅದರ ಬೇರು ಮೇಲುಮೇಲಕ್ಕೆ ಹರಡುವಂಥದ್ದು. ಮಳೆ ಬಂದಾಗ ಗಬಗಬನೆ ಕುಡಿದು, ಮತ್ತೆ ಒಣಗಿ ಕೂರುವುದು ಅದರ ಅಭ್ಯಾಸ. ತೂತು ಮುಚ್ಚಿಹೋದ ಕುಂಡದಲ್ಲಿ ಯರಿಮಣ್ಣು ಅಂಟಿಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಸಿಗದ ಬೇರು ಸಾಯುತ್ತದೆ, ಸತ್ತ ಬೇರಿಗೆ ಫೈಟಾಫ್ತೊರಾ, ಫ್ಯುಸೇರಿಯಂ ಮೊದಲಾದ ಕೊಳೆರೋಗದ ಜೀವಿಗಳು ಹತ್ತುತ್ತವೆ, ಹತ್ತಿದ್ದು ಬುಡದಿಂದ ಮೇಲಕ್ಕೇರುತ್ತದೆ.

ಇಲ್ಲಿಯೇ ನಿಮ್ಮ ಅಂತಃಕರಣಕ್ಕೆ ಮೋಸವಾದದ್ದು. ಬೇರು ಸತ್ತ ಗಿಡಕ್ಕೆ ಕುಂಡದ ತುಂಬ ನೀರಿದ್ದರೂ ಕುಡಿಯಲಾಗುವುದಿಲ್ಲ. ಅದರ ಎಲೆ ಸುಕ್ಕುಗಟ್ಟುತ್ತದೆ, ಬಾಡುತ್ತದೆ, ಬಣ್ಣಗೆಡುತ್ತದೆ. ನೋಡಿದವರಿಗೆ ಅದು ಬಾಯಾರಿಕೆ. ಹಾಗಾಗಿ ಇನ್ನೊಂದು ಚೊಂಬು. ಅದರಿಂದ ಇನ್ನಷ್ಟು ಕೊಳೆ, ಇನ್ನಷ್ಟು ಸುಕ್ಕು, ಇನ್ನೆರಡು ಚೊಂಬು. ಬಾಯಾರಿದ್ದೋ ಮುಳುಗಿದ್ದೋ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ: ಬುಡ ಹಿಚುಕಿ ನೋಡುವುದು. ಬಾಯಾರಿದ ಕಳ್ಳಿ ಸುಕ್ಕಾದರೂ ಬುಡ ಗಟ್ಟಿ. ಮುಳುಗಿದ್ದರ ಬುಡ ಮೆತ್ತಗೆ, ಕಂದು, ಹಿಚುಕಿದರೆ ನೀರೊಡೆಯುತ್ತದೆ. ಮುಳ್ಳಿದೆ ಎಂದು ಯಾರೂ ಹಿಚುಕಲಿಲ್ಲ. ನೀರು ಹಾಕಲು ಮಾತ್ರ ಮುಳ್ಳು ಅಡ್ಡಿಯಾಗಲಿಲ್ಲ.

ಚಹಾಪುಡಿ ಹಾಕಿದವರಿಗೆ, ಮೊಟ್ಟೆಸಿಪ್ಪೆ ಹಾಕಿದವರಿಗೆ, ಅಕ್ಕಿ ತೊಳೆದ ನೀರನ್ನು ಕಾದಿಟ್ಟು ತಂದವರಿಗೆ, ಹೊಲಕ್ಕೆ ತಂದ ಯೂರಿಯಾದಲ್ಲಿ ಮಿಕ್ಕ ಒಂದು ಹಿಡಿ ಕೊಟ್ಟವರಿಗೆ ಬೇರೆಬೇರೆಯಾಗಿ ಧನ್ಯವಾದ ಹೇಳಲು ಜಾಗವಿಲ್ಲ.

ಇನ್ನು ಪತ್ರದ ಮುಖ್ಯ ವಿಷಯ. ಬುಡ ಹೋಯಿತು, ನಡು ಹೋಯಿತು, ತುದಿಯಲ್ಲಿ ಒಂದು ಎಲೆ, ಅಂಗೈಗಿಂತ ಚಿಕ್ಕದು, ಇನ್ನೂ ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದಿದ್ದೇನೆ. ಕತ್ತರಿಸುವಾಗ ಮಾಳಿಗೆಯ ಮೇಲೆ ಸೇರಿದವರಲ್ಲಿ ಕೆಲವರು ‘ಇದ್ದ ಒಂದನ್ನೂ ಕೊಯ್ದ ಬಿಟ್ರಲ್ರಿ’ ಎಂದು ನೊಂದುಕೊಂಡರು. ಕೊಯ್ಯದಿದ್ದರೆ ಕೊಳೆ ವಾರದೊಳಗೆ ಅಲ್ಲಿಗೂ ಮುಟ್ಟುತ್ತಿತ್ತು. ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿಕೊಂಡಿದ್ದೆ, ಇಲ್ಲದಿದ್ದರೆ ಕೊಳೆತ ಭಾಗದ ರೋಗವನ್ನು ಚಾಕುವೇ ಒಳ್ಳೆಯ ಭಾಗಕ್ಕೆ ದಾಟಿಸುತ್ತದೆ. ಒಂದು ಎಲೆ ಇನ್ನೊಂದಕ್ಕೆ ಕೂಡುವ ಸಣ್ಣ ಕೀಲಿನಲ್ಲೇ ಕೊಯ್ದರೆ ಗಾಯ ಚಿಕ್ಕದಾಗುತ್ತದೆ. ಕೊಯ್ದ ಮುಖ ಪೂರ್ತಿ ಹಸಿರಾಗಿರಬೇಕು. ನಡುವೆ ಕಂದು ಅಥವಾ ಕಿತ್ತಳೆ ಬಣ್ಣದ ಚುಕ್ಕೆಯೋ ಗೆರೆಯೋ ಕಂಡರೆ ರೋಗ ರಸನಾಳದಲ್ಲಿ ಮೇಲೇರಿದೆ ಎಂದರ್ಥ. ಚಾಕು ಮತ್ತೆ ಒರೆಸಿ, ಇನ್ನೂ ಮೇಲೆ ಕೊಯ್ಯಬೇಕು, ಹಸಿರು ಸಿಗುವವರೆಗೆ. ಕರುಣೆಯಿಂದ ಒಂದು ಗೆರೆ ಬಿಟ್ಟರೂ ಆ ಗೆರೆ ಕರುಣೆ ತೋರಿಸುವುದಿಲ್ಲ.

ಹಿಡಿಯುವುದು ಹೇಗೆ ಎಂದು ಕೇಳಿದಿರಿ. ನಿನ್ನೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯಂತೆ ಸುತ್ತಿ ಹಿಡಿಯಬೇಕು. ದೊಡ್ಡ ಮುಳ್ಳಿಗೆ ಹೆದರುವುದು ಬೇಡ, ಅದು ಕಾಣುತ್ತದೆ. ಅದರ ಬುಡದಲ್ಲಿ ಕೂದಲಿಗಿಂತ ತೆಳುವಾದ, ಕಣ್ಣಿಗೆ ಬೀಳದ ಮುಳ್ಳಿನ ಗೊಂಚಲಿದೆ, ಅದರ ತುದಿಯಲ್ಲಿ ಹಿಂದಕ್ಕೆ ತಿರುಗಿದ ಕೊಕ್ಕೆಗಳಿವೆ. ಒಮ್ಮೆ ಚರ್ಮಕ್ಕೆ ಹೊಕ್ಕರೆ ಎರಡು ದಿನ ಅಲ್ಲೇ ಸಂಸಾರ ಹೂಡುತ್ತದೆ. ಹೊಕ್ಕವನ್ನು ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎಳೆಯಿರಿ.

ಆ ತುಂಡು ಈಗ ಪೇಪರಿನ ಮೇಲೆ, ಮಾಳಿಗೆಯ ಮೆಟ್ಟಿಲಿನ ನೆರಳಿನಲ್ಲಿ, ಬರಿಮೈಯಲ್ಲಿ ಮಲಗಿದೆ. ಮಣ್ಣಿಲ್ಲ, ನೀರಿಲ್ಲ. ನಿಮ್ಮಲ್ಲಿ ಅನೇಕರಿಗೆ ಇದನ್ನು ನೋಡಿ ರಾತ್ರಿ ನಿದ್ದೆ ಬಂದಿಲ್ಲವೆಂದು ತಿಳಿಯಿತು. ದಯವಿಟ್ಟು ಮಲಗಿ. ಗಾಯ ಒಣಗಿ ಅದರ ಮೇಲೆ ತೊಗಟೆಯಂಥ ಒರಟು ಪೊರೆ ಕಟ್ಟುವ ಮೊದಲೇ ಅದನ್ನು ನೆಟ್ಟರೆ ಹಸಿಗಾಯವನ್ನು ಕೊಳೆಗೆ ಕೊಟ್ಟಂತೆ. ಒಣಹವೆಯಲ್ಲಿ ಇದಕ್ಕೆ ಒಂದು ವಾರ, ಹತ್ತು ದಿನ ಬೇಕು. ಮೋಡ ಮುಸುಕಿದ ಮಳೆಗಾಲದಲ್ಲಿ ಎರಡು ವಾರವೂ ಹಿಡಿಯಬಹುದು. ಅಷ್ಟು ದಿನ ಅದು ಉಪವಾಸವಿದ್ದರೆ ಸಾಯುವುದಿಲ್ಲವೇ? ಇಲ್ಲ. ಅದರ ಎಲೆಯ ತೂಕದ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ನೀರೇ. ಗಂಟು ಕಟ್ಟಿಕೊಂಡೇ ಬಂದ ಅತಿಥಿ ಅದು. ನಿಮ್ಮ ದಾಸೋಹಕ್ಕೆ ಬರಲಿಲ್ಲವೆಂದು ಬೇಸರ ಬೇಡ.

ಅದು ಉಸಿರಾಡುವ ರೀತಿಯೂ ನಮ್ಮಂತಲ್ಲ. ಬಹುತೇಕ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ, ಜೊತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ಕಳ್ಳಿ ಹಗಲು ಬಾಗಿಲು ಮುಚ್ಚಿ ಕೂರುತ್ತದೆ. ಬಿಸಿಲಿಳಿದು ರಾತ್ರಿ ತಂಪಾದ ಮೇಲೆ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಹುಳಿಯಾಗಿ, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬೆಳಕಿನಲ್ಲಿ ಬಾಗಿಲು ಮುಚ್ಚಿಕೊಂಡೇ ಅಡುಗೆ ಮಾಡುತ್ತದೆ. ಈ ರಹಸ್ಯದ ಎಳೆ ಮೊದಲು ಸಿಕ್ಕಿದವರಲ್ಲಿ ಒಬ್ಬ ಬೆಂಜಮಿನ್ ಹೈನ್. ಟಿಪ್ಪುವಿನ ನಂತರ ಬೆಂಗಳೂರಿನ ಲಾಲ್‌ಬಾಗನ್ನು ಕಂಪನಿಯ ಪರವಾಗಿ ನೋಡಿಕೊಂಡ ಸಸ್ಯಶಾಸ್ತ್ರಜ್ಞ ಅವನು. ಇದೇ ಪದ್ಧತಿಯ ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದರೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಕಹಿ ಎಂಬುದನ್ನು ಗಮನಿಸಿ 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಪತ್ರ ಬರೆದ. ಗಿಡದ ಸಲುವಾಗಿ ಪತ್ರ ಬರೆಯುವ ಹುಚ್ಚು ನನ್ನೊಬ್ಬನದೇ ಅಲ್ಲ ಎಂದು ಈ ಮೂಲಕ ದಾಖಲಿಸುತ್ತೇನೆ. ಆತ ಅಗಿದು ನೋಡಿದ, ನೀರು ಸುರಿದು ನೋಡಲಿಲ್ಲ ಎಂಬುದನ್ನೂ.

ಪೊರೆ ಕಟ್ಟಿದ ಮೇಲೆ ನೆಡುವುದು. ಸಣ್ಣ ಮಣ್ಣಿನ ಕುಂಡ ಸಾಕು. ಪ್ಲಾಸ್ಟಿಕ್ಕಿನದು ತೇವ ಹೀರುವುದಿಲ್ಲ, ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮೂಲೆಗಳಲ್ಲಿ ನೀರು ಕೂರುತ್ತದೆ. ತಳದಲ್ಲಿ ತೂತು ಇರಬೇಕು, ಇದ್ದದ್ದು ತೆರೆದಿರಬೇಕು. ತುಂಬಲು ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು, ಗರಸು. ಉಳಿದದ್ದು ಸ್ವಲ್ಪ ಕೆಂಪುಮಣ್ಣು, ಹಳೆಯ ಗೊಬ್ಬರ ಒಂದು ಹಿಡಿ. ಯರಿಮಣ್ಣು ಒಂದು ಚಮಚವೂ ಬೇಡ, ಹೊತ್ತು ತಂದವರು ಕ್ಷಮಿಸಬೇಕು. ತುಂಡನ್ನು ಆಳಕ್ಕೆ ಹೂಳಬಾರದು, ಗಾಯದ ಮುಖ ಒಂದೆರಡು ಬೆರಳಗಲ ಒಳಗಿದ್ದರೆ ಸಾಕು, ವಾಲದಂತೆ ಪಕ್ಕಕ್ಕೆ ಎರಡು ಕಲ್ಲು ಆನಿಸಬೇಕು. ಅದಾದ ಮೇಲೆ ಮಾಡಬೇಕಾದ ಕೆಲಸ ನಿಮಗೆ ಎಲ್ಲಕ್ಕಿಂತ ಕಷ್ಟದ್ದು: ಏನೂ ಮಾಡದಿರುವುದು. ಮೊದಲ ಒಂದು ವಾರ ಹನಿ ನೀರೂ ಇಲ್ಲ. ಆಮೇಲೆ ಮರಳಿನ ಮೇಲ್ಮೈ ತೋಯುವಷ್ಟು, ಅದು ಪೂರ್ತಿ ಒಣಗಿದ ನಂತರ ಮತ್ತೆ ಅಷ್ಟು. ಬೇರು ಬರಲು ಮೂರು ವಾರವಾದರೂ ಬೇಕು, ತಿಂಗಳು ಮೀರಿದರೂ ಆಶ್ಚರ್ಯವಿಲ್ಲ. ಬಂತೋ ಎಂದು ಕಿತ್ತು ನೋಡುವವರು ನಿಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ. ಕೀಳದೆ ತಿಳಿಯಬೇಕಾದರೆ ಬೆರಳ ತುದಿಯಿಂದ ಮೆಲ್ಲಗೆ ಅಲುಗಿಸಿ. ತುಂಡು ಮಣ್ಣನ್ನು ಹಿಡಿದುಕೊಂಡಿದ್ದರೆ ಬೇರು ಬಂದಿದೆ.

ಕಮಲಾಪುರದಿಂದ ಬಂದ ಮಾಮಾ ಒಬ್ಬರು ಈ ವಿವರ ಕೇಳಿ ನಕ್ಕರು. ‘ತುಂಡಿನಿಂದ ಗಿಡ ಹೆಂಗ ಬರ್ತದರಿ, ಬೀಜ ಬ್ಯಾಡೇನು?’ ಕಮಲಾಪುರದವರ ಬಾಯಿಂದ ಈ ಮಾತು! ಊರಿಗೆ ಹೆಸರು ತಂದ, ಭೌಗೋಳಿಕ ಗುರುತಿನ ಮುದ್ರೆ ಹೊತ್ತ ಅವರ ಕೆಂಪುಬಾಳೆ ಬೀಜದ ಮುಖ ನೋಡಿ ಎಷ್ಟು ತಲೆಮಾರಾಯಿತು? ತಾಯಿಗಿಡದ ಬುಡದಲ್ಲಿ ಎದ್ದ ಕಂದನ್ನು ಕಿತ್ತು ನೆಟ್ಟು, ಅದರ ಕಂದನ್ನು ಕಿತ್ತು ನೆಟ್ಟು, ಇವತ್ತಿನ ತೋಟದವರೆಗೆ ಬಂದಿದೆ. ಮಾಮಾ ಅವರ ಹೊಲದ ಕಬ್ಬೂ ಗಣಿಕೆಯ ತುಂಡೇ. ಹೀಗೆ ಬಂದ ಗಿಡ ತಾಯಿಯ ಮಗಳಲ್ಲ, ತಾಯಿಯೇ; ಅದೇ ರಸ, ಅದೇ ಗುಣ, ಅದೇ ದೌರ್ಬಲ್ಯ. ಹಾಗಾಗಿ ಹೊಸ ಕುಂಡದಲ್ಲಿ ಏಳುವ ಈ ಕಳ್ಳಿಗೆ ನಿಮ್ಮ ಚೊಂಬಿನ ಬಗ್ಗೆ ಹೊಸ ರೋಗನಿರೋಧಕ ಶಕ್ತಿ ಬಂದಿರುತ್ತದೆ ಎಂಬ ಭ್ರಮೆ ಯಾರಿಗೂ ಬೇಡ. ಹೋದ ಸಲ ಎಷ್ಟು ನೀರಿಗೆ ಸತ್ತಿತೋ ಅಷ್ಟೇ ನೀರಿಗೆ ಈ ಸಲವೂ ಸಾಯುತ್ತದೆ.

ಪರದೇಶಿ ಗಿಡಕ್ಕೆ ಇಷ್ಟು ಉಪಚಾರ ಯಾಕೆ ಎಂದವರಿಗೂ ಒಂದು ಮಾತು. ನಿಮ್ಮ ಮನೆಯ ಮೆಣಸಿನಕಾಯಿ, ಪೇರಲ, ಟೊಮ್ಯಾಟೊ, ಶೇಂಗಾ ಚಟ್ನಿಯ ಶೇಂಗಾ, ಮೇಲೆ ಉದಾಹರಣೆಗೆ ಬಳಸಿದ ಸೀತಾಫಲ, ಎಲ್ಲವೂ ಅದೇ ಹಡಗಿನ ದಾರಿಯಲ್ಲಿ ಅಮೆರಿಕದಿಂದ ಬಂದವು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಸ್ಥಳೀಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದಾದರೆ ಕಳ್ಳಿಯ ಫೈಲನ್ನು ಶೇಂಗಾದ ಫೈಲಿಗಿಂತ ಕೆಳಗಿಡುವ ಕಾರಣವಿಲ್ಲ. ಕಳ್ಳಿಗೆ ಮೇಲಿನವರ ಕೃಪೆಯೂ ಇದೆ: ಒಣನಾಡಿನಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ದನದ ಮೇವಿಗೆ ಬೆಳೆಸುವ ಪ್ರಯೋಗಗಳು ಜೋಧಪುರದ ಒಣಭೂಮಿ ಸಂಶೋಧನಾ ಸಂಸ್ಥೆಯಲ್ಲಿ ನಡೆದಿವೆ, 2022ರಲ್ಲಿ ಕೇಂದ್ರ ಸರ್ಕಾರವೇ ಜಲಾನಯನ ಯೋಜನೆಯ ಪಾಳುನೆಲಗಳಲ್ಲಿ ಕಳ್ಳಿ ಹಚ್ಚುವ ಮಾತಾಡಿತು. ಅಲ್ಲಿಯೂ ನೆಡುವುದು ಒಂದೊಂದು ಎಲೆಯನ್ನೇ, ಗಾಯ ಒಣಗಿಸಿಯೇ.

ಆದರೆ ತುಂಡಿನಿಂದ ಏಳುವ ಇದೇ ಗುಣ ಬೇರೆ ಕಡೆ ಶಾಪವಾದದ್ದು. ಆಸ್ಟ್ರೇಲಿಯಾದವರು ಕಡಿದೆಸೆದ ಪ್ರತಿ ತುಂಡೂ ಬಿದ್ದಲ್ಲೇ ಬೇರೂರಿತ್ತು. ಅದನ್ನು ಅಡಗಿಸಿದ ಪತಂಗ ಕೆರಿಬಿಯನ್ ದ್ವೀಪಗಳನ್ನು ಹಾದು 1989ರಲ್ಲಿ ಫ್ಲಾರಿಡಾ ತಲುಪಿ, ಅಲ್ಲಿಯ ಸ್ವಂತ ಕಳ್ಳಿಗಳನ್ನು ತಿನ್ನತೊಡಗಿತು; ಕಳ್ಳಿಯನ್ನೇ ಧ್ವಜದ ಮೇಲೆ ಹೊತ್ತ ಮೆಕ್ಸಿಕೋಗೆ ಈಗ ಅದರದೇ ಚಿಂತೆ. ಹಾಗಾಗಿ ಕೊಳೆತ ಗಿಡದಲ್ಲಿ ಮಿಕ್ಕ ಚೂರುಗಳನ್ನು ನಾನು ಬಿಸಿಲಿಗೆ ಹಾಕಿ ಒಣಗಿಸಿ ಸುಡುತ್ತೇನೆ. ‘ಪಾಪ, ಇದರಾಗೂ ಜೀವ ಇರಬೌದು’ ಎಂದು ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಕೆರೆಯ ದಂಡೆಗೆ ನೆಡುವ ಆಲೋಚನೆ ಯಾರಿಗಾದರೂ ಬಂದಿದ್ದರೆ, ಬಂದಿರುತ್ತದೆ ಎಂದು ಗೊತ್ತು, ಕೈಬಿಡಿ. ಕುಂಡದ ಕಳ್ಳಿ ಕುಂಡದಲ್ಲಿರಲಿ.

ನಿಮ್ಮ ಕೈ ಸುಮ್ಮನಿರಲಾರದೆಂಬುದನ್ನು ಬಲ್ಲೆ, ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ನಳ ಬಂದ ದಿನದ ಹಳೇ ನೀರಿಗೆ ಮಾಳಿಗೆಯ ಬಾಗಿಲ ಪಕ್ಕದಲ್ಲಿ ಕರಿಬೇವು, ದುಂಡುಮಲ್ಲಿಗೆ, ಬಾಳೆ, ಈ ಮೂರು ಗಿಡಗಳಿವೆ. ಕುಡಿಯುವುದರಲ್ಲಿ ಯಾವುದೂ ನಾಚುವುದಿಲ್ಲ. ಹಕ್ಕಿಗಳಿಗೆಂದು ಗೋಡೆಯ ಮೇಲೆ ಮಣ್ಣಿನ ತಟ್ಟೆ ಇಟ್ಟಿದ್ದೇನೆ, ಅದನ್ನು ತುಂಬುವುದು ಕಳ್ಳಿಗೆ ಎರೆಯುವುದಕ್ಕಿಂತ ಶರಣಬಸವಪ್ಪನಿಗೆ ಹೆಚ್ಚು ಪ್ರಿಯ. ಕಳ್ಳಿಯ ಕುಂಡದ ಮುಂದೆ ಬಂದು ನಿಲ್ಲಬಹುದು, ನೋಡಬಹುದು, ‘ಛೇ ಪಾಪ’ ಅನ್ನಬಹುದು. ಚೊಂಬು ಮಾತ್ರ ಮೆಟ್ಟಿಲ ಕೆಳಗೆ ಬಿಟ್ಟು ಬರಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮಾಳಿಗೆಮನೆಯವ

ಪ್ರತಿ: ಕಮಲಾಪುರದ ಮಾಮಾ ಅವರಿಗೆ, ಮಾಹಿತಿಗಾಗಿ. ಯರಿಮಣ್ಣಿನ ದಾನಿಗಳಿಗೆ, ಚೀಲ ಹಿಂದಿರುಗಿಸುವ ಸಲುವಾಗಿ.

ವಿ.ಸೂ.: ಕೆಳಗಿನ ಮನೆಯ ಮಗಳು ನರ್ಸರಿಯಿಂದ ತಂದ, ಹಸಿರು ಕಡ್ಡಿಯ ಮೇಲೆ ಕೆಂಪು ಉಂಡೆ ಕೂರಿಸಿದ ಪುಟ್ಟ ಕಳ್ಳಿಯೂ ಇದೇ ವಾರ ಬುಡ ಕೊಳೆತು ನಮ್ಮಲ್ಲಿಗೆ ಬಂದಿದೆ. ಉಂಡೆಯನ್ನು ಕೊಯ್ದು ಮರಳಿನಲ್ಲಿ ಊರಿದರಾಯಿತು ಎಂದು ಎಲ್ಲರೂ ಸಲಹೆ ಕೊಡುತ್ತಿದ್ದೀರಿ. ಆಗುವುದಿಲ್ಲ. 1940ರ ದಶಕದಲ್ಲಿ ಜಪಾನಿನವರು ಬೆಳೆಸಿದ ಆ ಕೆಂಪು ತಳಿಗೆ ಹಸಿರು ದ್ರವ್ಯವೇ ಇಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಕೆಳಗಿನ ಹಸಿರು ಕಡ್ಡಿ, ಅಂದರೆ ಡ್ರ್ಯಾಗನ್ ಹಣ್ಣಿನ ಬಳ್ಳಿಯ ತುಂಡು, ದುಡಿದು ಹಾಕಿದ್ದನ್ನು ತಿಂದು ಬದುಕುತ್ತದೆ. ಆ ದುಡಿಯುವ ಕಡ್ಡಿಯನ್ನು ನೀವು ಕೊಳೆಸಿದ್ದೀರಿ. ಉಂಡೆ ಇನ್ನೂ ಗಟ್ಟಿಯಿದೆ, ಹೊಸ ಕಡ್ಡಿಗೆ ಕಸಿ ಕಟ್ಟಿದರೆ ಉಳಿದೀತು: ಎರಡರ ಕೊಯ್ದ ಮುಖದಲ್ಲೂ ಕಾಣುವ ರಸನಾಳದ ಉಂಗುರ ಒಂದಕ್ಕೊಂದು ತಾಗುವಂತೆ ಕೂರಿಸಿ, ರಬ್ಬರ್ ಬ್ಯಾಂಡ್ ಹಾಕಿ, ನೆರಳಿನಲ್ಲಿ ಒಂದೆರಡು ವಾರ ಬಿಡಬೇಕು. ಡ್ರ್ಯಾಗನ್ ಹಣ್ಣು ಬೆಳೆದವರು ಯಾರಾದರೂ ಗೇಣುದ್ದದ ಹಸಿರು ತುಂಡನ್ನು ಎರಡು ದಿನದೊಳಗೆ ತಂದುಕೊಡಬೇಕಾಗಿ ವಿನಂತಿ. ಬಾಡದಿರಲೆಂದು ನೀರಿನ ಬಾಟಲಿಯಲ್ಲಿ ಇಟ್ಟು ತರುವುದು ಬೇಡ, ಒಣ ಪೇಪರಿನಲ್ಲಿ ಸುತ್ತಿ ತನ್ನಿ.